ಪೆಟ್ಟಿಗೆಯ ಪರ ಮಾತಾಡದ ಅಭ್ಯರ್ಥಿ

ನೀವು ಕಷ್ಟಪಟ್ಟು ತಯಾರಿಸಿದ ಒಂದು ವಸ್ತುವನ್ನು ಜನರ ಬಳಿಗೆ ಒಯ್ಯಲು ಒಬ್ಬರನ್ನು ನೇಮಿಸಬೇಕಾಗಿದೆ ಎಂದುಕೊಳ್ಳಿ. ಯಾರನ್ನು ಆರಿಸುತ್ತೀರಿ? ಅದನ್ನು ನಿಮಗಿಂತ ಚೆನ್ನಾಗಿ ಹೊಗಳಬಲ್ಲವರನ್ನೋ, ನಿಮ್ಮೆದುರು ನಿಂತು ಅದನ್ನು ಹೊಗಳಲು ಒಪ್ಪದವರನ್ನೋ?

ಉತ್ತರ ಸುಲಭವೆಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆ ಸುಲಭದ ಉತ್ತರದಿಂದ ಆರು ಮಂದಿಯ ಕೆಲಸ ಹೋಗುವುದರಲ್ಲಿತ್ತು. ಇಂದು ಹೆಮ್ಮೆಯಿಂದ ಬರೆಯುತ್ತಿದ್ದೇನಾದರೂ ಆ ಹೆಮ್ಮೆಯ ಬಹುಪಾಲು ನನಗೆ ಸಲ್ಲತಕ್ಕದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿರುವ ಎರಡು ಕೋಣೆಗಳು ನಮ್ಮ ಕಚೇರಿ. ಮಲವಗೊಪ್ಪದಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು ನಮ್ಮ ಕಾರ್ಖಾನೆ. ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಒಬ್ಬಳೂ ನಾನೂ ಸೇರಿ ಈ ಕಂಪನಿಯನ್ನು ಕಟ್ಟಿದೆವು. ನಾವು ತಯಾರಿಸುವುದು ಅಂಗೈಯಗಲದ ಒಂದು ಪೆಟ್ಟಿಗೆ. ಅದನ್ನು ವಿದ್ಯುತ್ ಮೋಟಾರಿನ ಮೈಗೆ ಬಿಗಿದರೆ ಮೋಟಾರಿನ ನಡುಕವನ್ನೂ ಬಿಸಿಯನ್ನೂ ಅಳೆಯುತ್ತಿರುತ್ತದೆ; ಬೇರಿಂಗ್ ಕೆಡುವ ಲಕ್ಷಣವೋ ಒಳಗಿನ ತಂತಿ ಸುಡುವ ಲಕ್ಷಣವೋ ಕಂಡೊಡನೆ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಕಳುಹಿಸುತ್ತದೆ. ಅಕ್ಕಿ ಗಿರಣಿಯಲ್ಲಿ, ಮರದ ಮಿಲ್ಲಿನಲ್ಲಿ, ಲೇತ್ ವರ್ಕ್‌ಶಾಪಿನಲ್ಲಿ ಒಂದು ಮೋಟಾರು ನಿಂತರೆ ದಿನಗೂಲಿಯವರೆಲ್ಲ ಕೈಕಟ್ಟಿ ಕೂರಬೇಕಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದನ್ನು ತಪ್ಪಿಸಬಲ್ಲ ವಸ್ತುವೊಂದು ನಮ್ಮ ಊರಿನಲ್ಲೇ, ನಮ್ಮ ಊರಿನವರ ಕೈಯಲ್ಲೇ ತಯಾರಾಗಬೇಕೆಂಬುದು ನನ್ನ ಹಟ.

ಆ ಕೈಗಳು ಯಾರವೆಂದೂ ಹೇಳಬೇಕು. ಮಲವಗೊಪ್ಪದ ಶೆಡ್ಡಿನಲ್ಲಿ ಆರು ಮಂದಿ ಹೆಂಗಸರು ಪೆಟ್ಟಿಗೆಗಳನ್ನು ಜೋಡಿಸುತ್ತಾರೆ. ಅವರಲ್ಲಿ ಒಬ್ಬರೂ ಮೊದಲು ಬೆಸುಗೆಯ ಕಡ್ಡಿ ಹಿಡಿದವರಲ್ಲ. ನನ್ನ ಪಾಲುದಾರಳು ಒಂದಿಡೀ ವರ್ಷ ಅವರ ಪಕ್ಕದಲ್ಲಿ ಕುಳಿತು ಕಲಿಸಿದಳು. ಅವರು ಕಲಿತ ಮೇಲೆ ಅವಳ ಬೆಸುಗೆಗಿಂತ ಅವರದೇ ಚೊಕ್ಕಟವಾಯಿತು. ಇದನ್ನು ಅವಳೇ ಎಲ್ಲರೆದುರು ಒಪ್ಪಿಕೊಂಡಿದ್ದಾಳೆ.

ಆದರೆ ಮೊದಲು ಅಳವಡಿಸಿದ ಪೆಟ್ಟಿಗೆಗಳು ಎರಡು ತಿಂಗಳೊಳಗೆ ಒಂದೊಂದಾಗಿ ಮೌನವಾಗತೊಡಗಿದವು. ಅವು ಕೆಟ್ಟಿರಲಿಲ್ಲ, ಬಳಸುವವರೇ ಅವನ್ನು ಬಿಚ್ಚಿ ಮೂಲೆಗಿಟ್ಟಿದ್ದರು. ಒಂದು ಸಂಜೆ ಪಾಲುದಾರಳು ನನ್ನೆದುರು ಕುಳಿತು ಹೇಳಿದಳು: "ನೋಡು ಮಾರಾಯ, ದೀಪಾವಳಿವರೆಗೂ ಕಾಯಣ. ಅಷ್ಟರಲ್ಲಿ ಜನ ತಾವಾಗೇ ಇಟ್ಕೊಳ್ಳಕ್ಕೆ ಶುರು ಮಾಡ್ಲಿಲ್ಲ ಅಂದ್ರೆ ಶೆಡ್ ಮುಚ್ಚಣ. ಸುಳ್ಳು ಆಸೆ ತೋರಿಸಿ ಅವರನ್ನ ಕೂರಿಸ್ಕೊಳ್ಳೋದು ನಂಗೆ ಆಗಲ್ಲ."

"ವಸ್ತು ಚೆನ್ನಾಗಿದೆ ಅಂತ ನಿಂಗೇ ಗೊತ್ತಲ್ಲ ಮಾರಾಯ್ತಿ," ಎಂದೆ.

"ನಂಗೆ ಗೊತ್ತಿದ್ರೆ ಏನಾಯ್ತು? ಮೋಟಾರ್ ಇರೋದು ನನ್ನ ಮನೇಲಲ್ಲ."

ಆಗ ನಾವು ಒಬ್ಬ ಪ್ರಾಡಕ್ಟ್ ಮಾರ್ಕೆಟರ್‌ನನ್ನು ನೇಮಿಸಲು ನಿರ್ಧರಿಸಿದೆವು. ಈ ಹುದ್ದೆಯನ್ನು ಮಾರಾಟಗಾರನ ಹುದ್ದೆಯೆಂದು ಅನೇಕರು ತಪ್ಪು ತಿಳಿಯುತ್ತಾರೆ. ಮಾರಾಟಗಾರನು ಇದ್ದುದನ್ನು ಮಾರುತ್ತಾನೆ. ಪ್ರಾಡಕ್ಟ್ ಮಾರ್ಕೆಟರ್ ಆದವರು ಈ ವಸ್ತು ನಿಜಕ್ಕೂ ಯಾರಿಗಾಗಿ, ಅವರಿಗೆ ಯಾವ ಮಾತಿನಲ್ಲಿ ಹೇಳಬೇಕು, ಅವರಿಗೆ ಒಗ್ಗಲು ವಸ್ತುವಿನಲ್ಲಿಯೇ ಏನು ಬದಲಾಗಬೇಕು ಎಂಬುದನ್ನು ಕಂಡುಹಿಡಿಯಬೇಕು. ಈ ವಿವರಣೆಯನ್ನು ಜಾಹೀರಾತಿನಲ್ಲಿ ನಾನೇ ಬರೆದಿದ್ದೆ. ಬರೆದವನಿಗೇ ಅದು ಅರ್ಥವಾಗಿರಲಿಲ್ಲವೆಂಬುದು ಸಂದರ್ಶನದ ದಿನ ಸಾಬೀತಾಯಿತು.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಕಾಲೇಜಿನ ದಿನಗಳಲ್ಲಿ ವರದಕ್ಷಿಣೆಯಿಂದ ಹಿಡಿದು ಪ್ಲಾಸ್ಟಿಕ್‌ವರೆಗೆ ನಾನು ವಾದಿಸದ ವಿಷಯವಿರಲಿಲ್ಲ. ಸಮಾಜ ತಿದ್ದುವುದು ಸಮರ್ಥ ವಾದದಿಂದ ಎಂದು ಮನಸಾರೆ ನಂಬಿದ್ದೆ. ಇಂದಿಗೂ ಅರ್ಧ ನಂಬುತ್ತೇನೆ. ಆದ್ದರಿಂದ ಸಂದರ್ಶನವನ್ನೂ ಚರ್ಚಾಸ್ಪರ್ಧೆಯಾಗಿ ಏರ್ಪಡಿಸಿದೆ. ಪ್ರತಿಯೊಬ್ಬ ಅಭ್ಯರ್ಥಿಗೂ ಎರಡು ದಿನ ಮೊದಲು ಒಂದೊಂದು ಪೆಟ್ಟಿಗೆ ಕೊಟ್ಟು ಕಳುಹಿಸಿದೆವು. ವಿಷಯ: "ಈ ಪೆಟ್ಟಿಗೆ ಪ್ರತಿಯೊಂದು ಮೋಟಾರಿನ ಮೇಲೂ ಇರಲೇಬೇಕು." ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಮೂರನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ನಾಲ್ಕನೆಯದಕ್ಕೆ ಕೊನೆಯ ಗಂಟೆ. ಮೇಜಿನ ಮೇಲಿದ್ದ ಹಿತ್ತಾಳೆಯ ಗಂಟೆಯನ್ನು ನೋಡಿದ ಪಾಲುದಾರಳು, "ಮಾರಾಯ, ಇದು ಇಂಟರ್‌ವ್ಯೂನಾ, ಗಣಪತಿ ಪೆಂಡಾಲಿನ ಕಾಂಪಿಟೇಶನ್ನಾ? ಕೊನೇಲಿ ಸ್ಟೀಲ್ ಲೋಟನೂ ಕೊಡ್ತೀಯಾ?" ಎಂದಳು. ನಾನು ನಗಲಿಲ್ಲ.

ಬಂದವರಲ್ಲಿ ಒಬ್ಬ ಯುವಕ ನನ್ನನ್ನು ಸಂಪೂರ್ಣವಾಗಿ ಗೆದ್ದುಕೊಂಡ. ಸ್ವರದ ಏರಿಳಿತ, ಎದುರಾಳಿಯ ಆಕ್ಷೇಪವನ್ನು ಮೊದಲೇ ಊಹಿಸಿ ಕೊಡುವ ಉತ್ತರ, ಕೊನೆಯ ಗಂಟೆಗೆ ಸರಿಯಾಗಿ ಮುಗಿಯುವ ಕೊನೆಯ ವಾಕ್ಯ, ಎಲ್ಲವೂ ಇದ್ದವು. ಆ ಕೊನೆಯ ವಾಕ್ಯ ಹೀಗಿತ್ತು: "ಇನ್ನು ಮೇಸ್ತ್ರಿಯ ದಾರಿ ಕಾಯಬೇಡಿ." ಮೋಟಾರು ಬಿಚ್ಚಿ ರಿಪೇರಿ ಮಾಡುವ ಮೆಕ್ಯಾನಿಕ್‌ಗಳನ್ನು ನಮ್ಮ ಕಡೆ ಮೇಸ್ತ್ರಿಗಳೆನ್ನುತ್ತಾರೆ. ಅವರು ಹೇಳಿದ್ದೇ ರೋಗ, ಅವರು ಕೊಟ್ಟದ್ದೇ ಔಷಧ ಎಂಬ ಸ್ಥಿತಿಯಿಂದ ಗಿರಣಿಯವರನ್ನು ಬಿಡುಗಡೆ ಮಾಡುವುದು ನನ್ನ ದೃಷ್ಟಿಯಲ್ಲಿ ಒಂದು ಸುಧಾರಣೆಯೇ ಆಗಿತ್ತು. ನಾನು ಪೂರ್ಣ ಅಂಕ ಕೊಟ್ಟೆ.

ಕೊನೆಯಲ್ಲಿ ಬಂದವರು ಭದ್ರಾವತಿಯ ಒಬ್ಬ ಹೆಣ್ಣುಮಗಳು. ಬಿ.ಕಾಂ. ಮುಗಿಸಿ ತಂದೆಯ ಮೋಟಾರ್ ವೈಂಡಿಂಗ್ ಅಂಗಡಿಯ ಕೌಂಟರಿನಲ್ಲಿ ಆರು ವರ್ಷ ಕುಳಿತವರು ಎಂದು ಅರ್ಜಿಯಲ್ಲಿತ್ತು. ದುಪಟ್ಟಾ ಸರಿಪಡಿಸಿಕೊಂಡು, ಮಡಿಸಿದ ಒಂದು ಹಾಳೆಯನ್ನು ಬಿಚ್ಚಿ ನಿಂತರು.

"ಸರ್, ಇದರ ಪರವಾಗಿ ಮಾತಾಡಕ್ಕೆ ನನ್ನಿಂದ ಆಗಲ್ಲ."

"ಹಾಗಾದರೆ ವಿರೋಧವಾಗಿ ಮಾತಾಡಿ. ಅದಕ್ಕೂ ಅವಕಾಶ ಇದೆ," ಎಂದೆ ಉದಾರವಾಗಿ.

"ವಿರೋಧನೂ ಅಲ್ಲ ಸರ್. ನಾನು ಇದನ್ನ ಬ್ಯಾಗಲ್ಲಿ ಇಟ್ಕೊಂಡು ಏಳು ಜನ ಮೇಸ್ತ್ರಿಗಳ ಹತ್ರ ಹೋಗಿದ್ದೆ. ಅವರು ಏನಂದ್ರು ಅಂತ ಹೇಳ್ತೀನಿ, ಅಷ್ಟೇ."

"ಮೇಡಂ, ನಿಯಮ ಸ್ಪಷ್ಟವಾಗಿದೆ. ಒಂದು ಪಕ್ಷ ವಹಿಸಬೇಕು."

"ಏಳು ಜನರಲ್ಲಿ ಐದು ಜನ ಬೇಡ ಅಂದ್ರು ಸರ್. ಯಾಕೆ ಬೇಡ ಅಂದ್ರು ಅಂದ್ರೆ..."

ನಾನು ಗಂಟೆ ಹೊಡೆದೆ. ಒಂದು ನಿಮಿಷವೂ ಆಗಿರಲಿಲ್ಲ. ಪಕ್ಷವಹಿಸದ ಭಾಷಣಕಾರನನ್ನು ಕೂರಿಸುವುದು ನಾನು ಕಲಿತ ಶಿಸ್ತು. ಅವರು ಒಮ್ಮೆ ನನ್ನನ್ನು ನೋಡಿ, ಹಾಳೆಯನ್ನು ಮೇಜಿನ ಮೇಲೆ ಇಟ್ಟು, "ಬರ್ತೀನಿ ಸರ್," ಎಂದು ಹೊರಟುಹೋದರು. ಆ ಹಾಳೆಯನ್ನು ನಾನು ನೋಡಲಿಲ್ಲ. ಪಾಲುದಾರಳು ಎತ್ತಿಟ್ಟುಕೊಂಡಳು.

ಯುವಕ ಕೆಲಸಕ್ಕೆ ಸೇರಿದ. ಶ್ರಮಜೀವಿ, ಅವನ ಮೇಲೆ ಇಂದಿಗೂ ನನ್ನ ದೂರಿಲ್ಲ. "ಇನ್ನು ಮೇಸ್ತ್ರಿಯ ದಾರಿ ಕಾಯಬೇಡಿ" ಎಂಬ ಬ್ಯಾನರು ಶಿವಮೊಗ್ಗದಿಂದ ಭದ್ರಾವತಿಯವರೆಗೆ ರಸ್ತೆಯುದ್ದಕ್ಕೂ ಕಾಣಿಸಿಕೊಂಡಿತು. ಅವನ ಮಾತು ಕೇಳಿದ ಮಾಲೀಕರು ಅಲ್ಲಿಯೇ ಒಪ್ಪಿಗೆ ಕೊಡುತ್ತಿದ್ದರು. ಎರಡು ವಾರ ಕಳೆಯುವುದರೊಳಗೆ ಪೆಟ್ಟಿಗೆ ಮತ್ತೆ ಮೌನವಾಗುತ್ತಿತ್ತು. ಬೇಸಿಗೆ ಹೀಗೆಯೇ ಮುಗಿಯಿತು. ಶೆಡ್ಡಿನಲ್ಲಿ ವಾಪಸು ಬಂದ ಪೆಟ್ಟಿಗೆಗಳ ಸಾಲು ಬೆಳೆಯುತ್ತಿರುವುದನ್ನು ಆ ಆರು ಮಂದಿಯೂ ನೋಡುತ್ತಿದ್ದರು.

ಕಾರಣ ತಿಳಿಯಲೆಂದು ಒಂದು ದಿನ ನಾನೇ ಭದ್ರಾವತಿಯ ಒಂದು ಅಕ್ಕಿ ಗಿರಣಿಗೆ ಹೋದೆ. ಹಿಂದಿನ ವಾರ ಉತ್ಸಾಹದಿಂದ ಒಪ್ಪಿದ್ದ ಮಾಲೀಕರು ನನ್ನೆದುರೇ ತಮ್ಮ ಮೇಸ್ತ್ರಿಗೆ ಫೋನು ಮಾಡಿ ಕರೆಸಿದರು. ಅರವತ್ತು ದಾಟಿದ ಮನುಷ್ಯ. ಅಂಗಿಯ ಜೇಬಿನಲ್ಲಿ ಬ್ಯಾನರಿನ ಅದೇ ಮಾತು ಅಚ್ಚಾಗಿದ್ದ ನಮ್ಮ ಕರಪತ್ರ ನಾಲ್ಕು ಮಡಿಕೆಯಾಗಿ ಇತ್ತು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಮೋಟಾರಿನ ಮೇಲಿಟ್ಟು, ಹಿಡಿಕೆಗೆ ಕಿವಿಗೊಟ್ಟು, ಕಣ್ಣು ಮುಚ್ಚಿ ನಿಂತರು. ಮೇಸ್ತ್ರಿಗಳು ಬೇರಿಂಗಿನ ಸದ್ದು ಕೇಳುವುದು ಹೀಗೆಯೇ. ಆಮೇಲೆ ಕಣ್ಣು ತೆರೆದು ಹೇಳಿದರು: "ಈ ಡಬ್ಬ ಕಟ್ಟಿದ್ಮೇಲೆ ಮೋಟಾರು ಜಾಸ್ತಿ ನಡುಗ್ತೈತೆ ಯಜಮಾನ್ರೇ."

ಅದು ಸುಳ್ಳು. ಸುಳ್ಳೆಂದು ನಾನು ಮಾಪನಗಳ ಸಹಿತ ಅಲ್ಲಿಯೇ ಸಾಧಿಸಿದೆ. ಪೆಟ್ಟಿಗೆಯ ತೂಕ, ಮೋಟಾರಿನ ತೂಕ, ಅಳವಡಿಸುವ ಮೊದಲಿನ ದಾಖಲೆ, ನಂತರದ ದಾಖಲೆ, ಒಂದನ್ನೂ ಬಿಡಲಿಲ್ಲ. ಮಾಲೀಕರು ತಲೆದೂಗಿದರು. ಮೇಸ್ತ್ರಿ ಕೂಡ ತಾಳ್ಮೆಯಿಂದ ಕೇಳಿದರು.

"ಸಾರು ಚೆನ್ನಾಗಿ ಮಾತಾಡ್ತಾರೆ," ಎಂದರು ಕೊನೆಗೆ. "ಭಾನುವಾರ ಮೋಟಾರು ನಿಂತ್ರೆ ಬರೋದು ನೀವೇನಾ ಸಾರ್?"

ವಾದದಲ್ಲಿ ನಾನು ಗೆದ್ದೆ. ಪೆಟ್ಟಿಗೆ ನನ್ನ ಕೈಗೆ ಬಂತು. ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಮರಳುವಾಗ ನನಗೆ ನಾಚಿಕೆಯಾದದ್ದು ಸೋತದ್ದಕ್ಕಲ್ಲ. ಇಷ್ಟು ವರ್ಷ ಪ್ರತಿ ವಿಷಯಕ್ಕೂ ಒಬ್ಬ ಎದುರಾಳಿಯನ್ನು ಹುಡುಕುವುದು ನನಗೆ ಅಭ್ಯಾಸವಾಗಿತ್ತು. ಎದುರಾಳಿ ಇಲ್ಲದಲ್ಲಿ ಅವನನ್ನು ಸೃಷ್ಟಿಸಿ, ಬ್ಯಾನರಿನಲ್ಲಿ ದೊಡ್ಡಕ್ಷರದಲ್ಲಿ ಬರೆಸಿದ್ದೆ. ಗಿರಣಿಯವರು ಏನನ್ನೇ ಕೊಳ್ಳುವ ಮೊದಲು ಸಲಹೆ ಕೇಳುವ ಏಕೈಕ ಮನುಷ್ಯನನ್ನೇ ಶತ್ರುವಾಗಿ ಮಾಡಿಕೊಂಡಿದ್ದೆ.

ಕಚೇರಿಯಲ್ಲಿ ಪಾಲುದಾರಳು ಡ್ರಾಯರಿನಿಂದ ಆ ಹಾಳೆಯನ್ನು ತೆಗೆದು ನನ್ನ ಮುಂದಿಟ್ಟಳು. ನೀಲಿ ಶಾಯಿಯಲ್ಲಿ ಏಳು ಜನರ ಮಾತುಗಳು, ಅವರವರ ಬಾಯಲ್ಲಿ ಬಂದ ಹಾಗೆಯೇ. ಒಬ್ಬರು ಹೇಳಿದ್ದರು: "ಮೋಟಾರು ಸುಡ್ತೈತೆ ಅಂತ ಯಜಮಾನ್ರಿಗೆ ನನಗಿಂತ ಮುಂಚೆ ಗೊತ್ತಾದ್ರೆ, ಮೊನ್ನೆ ನೋಡ್ಕೊಂಡು ಹೋದೋನು ಏನ್ ನೋಡಿದೆ ಅಂತ ನನ್ನೇ ಬೈತಾರೆ." ಇನ್ನೊಬ್ಬರು: "ಮೂವತ್ತು ವರ್ಷದ ಕಿವಿ ನಂದು. ಇದು ಹುಟ್ಟಿ ಎಷ್ಟು ದಿನ ಆಯ್ತು?" ಏಳನೆಯವರ ಮಾತಿನ ಕೆಳಗೆ ಆ ಹೆಣ್ಣುಮಗಳು ಎರಡು ಗೆರೆ ಎಳೆದಿದ್ದರು: "ನನ್ನ ಫೋನಿಗೆ ಮೊದಲು ಬಂದ್ರೆ ನಾನೇ ಹತ್ತು ಕಡೆ ಹಾಕಿಸ್ತೀನಿ."

"ಇದನ್ನ ಅವತ್ತೇ ಯಾಕೆ ತೋರಿಸ್ಲಿಲ್ಲ?" ಎಂದು ಕೇಳಿದೆ.

"ತೋರಿಸಿದೆ. ಎರಡು ಸಲ. ನೀನು ಸ್ಲೋಗನ್ ಓದ್ತಿದ್ದೆ."

ಮರುದಿನ ಬೆಳಿಗ್ಗೆ ನಾನು ಭದ್ರಾವತಿಯ ಆ ವೈಂಡಿಂಗ್ ಅಂಗಡಿಗೆ ಹೋದೆ. ಹೊರಗೆ ಬಿಚ್ಚಿಟ್ಟ ಮೋಟಾರುಗಳು, ಒಳಗೆ ವಾರ್ನಿಷ್ ವಾಸನೆ. ಕೌಂಟರಿನಲ್ಲಿ ಅವರೇ ಇದ್ದರು. ಹಿಂದೆ ಅವರ ತಂದೆ ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದರು. ನಾನು ಯಾರೆಂದು ಮಗಳು ದಖನಿ ಉರ್ದುವಿನಲ್ಲಿ ಮೆಲ್ಲನೆ ಹೇಳಿದೊಡನೆ ತಂದೆ ಕನ್ನಡಕದ ಮೇಲಿನಿಂದ ನೋಡಿದರು.

"ಬನ್ನಿ ಸಾಬ್. ಗಂಟೆ ತಂದಿದ್ದೀರಾ?"

"ಅಬ್ಬಾ, ಸುಮ್ಮನಿರಿ," ಎಂದರು ಮಗಳು. ಆದರೆ ನಗುವನ್ನು ತಡೆದುಕೊಳ್ಳಲು ಬಗ್ಗಿ ಏನೋ ಹುಡುಕಿದರು.

ನಾನು ನಿಂತಿದ್ದಂತೆಯೇ ಇಬ್ಬರು ಗಿರಾಕಿಗಳು ಬಂದರು. ಅವರಿಗೆ ಬೇರಿಂಗು ಕೊಟ್ಟು, ಮೋಟಾರು ಎಲ್ಲಿ ಕೆಲಸ ಮಾಡುತ್ತದೆ, ಧೂಳು ಬೀಳುತ್ತದೆಯೇ, ಯಾರು ಬಿಚ್ಚುತ್ತಾರೆ ಎಂದೆಲ್ಲ ವಿಚಾರಿಸಿಯೇ ಮಗಳು ಕಳುಹಿಸಿದರು. ನನ್ನ ಜಾಹೀರಾತಿನಲ್ಲಿ ಬರೆದಿದ್ದ ಹುದ್ದೆಯನ್ನು ಅವರು ಆರು ವರ್ಷಗಳಿಂದ ಈ ಕೌಂಟರಿನಲ್ಲೇ ಮಾಡುತ್ತಿದ್ದರು. ನಾನು ಕ್ಷಮೆ ಕೇಳಿದೆ. ಕೆಲಸಕ್ಕೆ ಬರಬೇಕೆಂದು ಕೇಳಿದೆ.

"ಬರ್ತೀನಿ ಸರ್. ಆದ್ರೆ ಆ ಬ್ಯಾನರ್ ಮೊದಲು ಇಳಿಸ್ಬೇಕು. ಮೆಸೇಜು ಮೊದಲು ಮೇಸ್ತ್ರಿಗೆ ಹೋಗ್ಬೇಕು. ಇನ್ನೊಂದು, ನಾನು ಸ್ಟೇಜ್ ಮೇಲೆ ಮಾತಾಡಲ್ಲ."

ಮೊದಲನೆಯದಕ್ಕೆ ಒಪ್ಪಿದೆ, ಮೂರನೆಯದಕ್ಕೂ ಒಪ್ಪಿದೆ. ಎರಡನೆಯದಕ್ಕೆ ನನ್ನ ಹಳೆಯ ಸ್ವಭಾವ ಎದ್ದು ನಿಂತಿತು. ವಸ್ತುವನ್ನು ಕೊಂಡವರು ಮಾಲೀಕರು; ತಮ್ಮ ಮೋಟಾರಿನ ಸ್ಥಿತಿಯನ್ನು ಮೊದಲು ತಿಳಿಯುವ ಹಕ್ಕು ಅವರದು; ಮಧ್ಯದವರಿಗೆ ಆ ಹಕ್ಕನ್ನು ಒಪ್ಪಿಸುವುದು ತತ್ವಕ್ಕೆ ವಿರುದ್ಧ ಎಂದೆ.

"ಮಾಲೀಕರಿಗೆ ಮೆಸೇಜು ಬಂತು ಸರ್. ಅವರು ಏನ್ಮಾಡ್ತಾರೆ?"

"ಮೇಸ್ತ್ರಿಗೆ ಫೋನು ಮಾಡ್ತಾರೆ."

"ಹಾಂ. ಮೇಸ್ತ್ರಿ ಅವತ್ತು ಬೈಸ್ಕೊಂಡು ಬರ್ತಾನೆ. ನಮ್ಮ ಡಬ್ಬ ಬಿಚ್ಚಿ ಹೋಗ್ತಾನೆ."

ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅರ್ಧ ದಿನ ಮಾತಾಡಿ ನಾವು ಒಂದು ದಾರಿ ಕಂಡುಕೊಂಡೆವು. ಎಚ್ಚರಿಕೆ ಮೊದಲು ಮೇಸ್ತ್ರಿಯ ಮೊಬೈಲಿಗೆ ಹೋಗುವುದು. ಅವರು "ನೋಡಿದೆ, ಬರ್ತೀನಿ" ಎಂದು ಒತ್ತಿದೊಡನೆ ಎಚ್ಚರಿಕೆಯೂ ಅವರ ಉತ್ತರವೂ ಒಟ್ಟಿಗೆ ಮಾಲೀಕರನ್ನು ತಲುಪುವುದು. ಒಂದು ಗಂಟೆಯೊಳಗೆ ಉತ್ತರ ಬಾರದಿದ್ದರೆ ಸಂದೇಶ ನೇರವಾಗಿ ಮಾಲೀಕರಿಗೆ. ಯಾರ ಹಕ್ಕೂ ಹೋಗಲಿಲ್ಲ, ಯಾರ ಮುಖವೂ ಬಾಡಲಿಲ್ಲ. ನಾನು ಇಷ್ಟು ವರ್ಷ ಪರ ಮತ್ತು ವಿರೋಧಗಳ ನಡುವೆ ಜಾಗವೇ ಇಲ್ಲವೆಂದು ತಿಳಿದಿದ್ದೆ. ಅವರು ಅಲ್ಲಿ ಆರಾಮವಾಗಿ ಸ್ಟೂಲು ಹಾಕಿಕೊಂಡು ಕುಳಿತಿದ್ದರು.

ಕೆಲಸಕ್ಕೆ ಸೇರಿದ ವಾರವೇ ಅವರು ನಮ್ಮ ಸಂದೇಶಗಳ ಭಾಷೆಯನ್ನು ಕೈಗೆತ್ತಿಕೊಂಡರು. "ಅಸಹಜ ಕಂಪನ ಪತ್ತೆಯಾಗಿದೆ" ಎಂಬ ನನ್ನ ವಾಕ್ಯವನ್ನು ಮೇಸ್ತ್ರಿಗಳಿಗೆ ಓದಿ ಹೇಳಿದಾಗ ಒಬ್ಬರು, "ಯಾರಿಗೆ ಜ್ವರ?" ಎಂದು ಕೇಳಿದರಂತೆ. ಅದು "ಬೇರಿಂಗ್ ಸದ್ದು ಬದಲಾಗಿದೆ" ಎಂದಾಯಿತು. ಓದಲು ಇಷ್ಟಪಡದವರಿಗೆ ಅದೇ ಮಾತು ಕನ್ನಡದಲ್ಲೂ ದಖನಿಯಲ್ಲೂ ಧ್ವನಿಯಾಗಿ ಹೋಗತೊಡಗಿತು, ಧ್ವನಿ ಆಕೆಯದೇ.

ಆಮೇಲೆ ಅವರು ಕೈಯಿಟ್ಟದ್ದು ಪೆಟ್ಟಿಗೆಯ ಮುಖಕ್ಕೆ. ವೈಂಡಿಂಗ್ ಅಂಗಡಿಯಿಂದ ರಿಪೇರಿಯಾಗಿ ಹೊರಬಂದ ಮೋಟಾರಿನ ಮೇಲೆ ಆ ಅಂಗಡಿಯ ಹೆಸರನ್ನು ಬಣ್ಣದಲ್ಲಿ ಬರೆಯುವ ರೂಢಿ ನಮ್ಮ ಕಡೆ ಇದೆ. ಆ ಮೋಟಾರು ಯಾವ ಹಳ್ಳಿಗೆ ಹೋದರೂ ಕೆಲಸ ಮಾಡಿದವನ ಹೆಸರು ಜೊತೆಗೆ ಹೋಗುತ್ತದೆ. ನಮ್ಮ ಪೆಟ್ಟಿಗೆಯ ಮುಖದ ತುಂಬ ನಮ್ಮ ಕಂಪನಿಯ ಹೆಸರಿತ್ತು.

"ಇದನ್ನ ಕೆಳಗೆ ಸಣ್ಣದಾಗಿ ಹಾಕಣ ಸರ್. ಮೇಲಿನ ಜಾಗ ಖಾಲಿ ಬಿಡಿ."

"ಯಾಕೆ?"

"ಮೇಸ್ತ್ರಿ ಹೆಸರು ಬರ್ಕೊಳ್ಳಕ್ಕೆ."

ಕಂಪನಿಯ ಹೆಸರನ್ನು ಆರಿಸಲು ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಪಾಲುದಾರಳು ನನ್ನ ಮುಖ ನೋಡಿ, "ಮಾರಾಯ, ಇನಿಶಿಯಲ್ ಆದ್ರೂ ಇಟ್ಕೋ," ಎಂದಳು. ಖಾಲಿ ಜಾಗವೇ ಉಳಿಯಿತು. ಮೇಸ್ತ್ರಿಗಳು ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಅದರ ಮೇಲೆ ಕೆಂಪು, ಹಸಿರು ಬಣ್ಣಗಳಲ್ಲಿ ಬರೆದುಕೊಂಡರು. ತಮ್ಮ ಹೆಸರಿರುವ ಪೆಟ್ಟಿಗೆಯನ್ನು ಬಿಚ್ಚಿ ಮೂಲೆಗಿಡುವವರು ಯಾರೂ ಇರಲಿಲ್ಲ.

ಯುವಕನ ವಿಷಯ: ಅವನು ನಮ್ಮಲ್ಲಿಯೇ ಇದ್ದಾನೆ. ಸಭೆಗಳಲ್ಲಿ ನಿಂತು ಮಾತಾಡುವ ಕೆಲಸ ಅವನದು. ಏನು ಹೇಳಬೇಕೆಂಬುದನ್ನು ಆಕೆಯ ಬಳಿ ಕೇಳಿಕೊಂಡು ಹೋಗುತ್ತಾನೆ. "ಸರ್, ನೀವು ಕೇಳಿದ್ದನ್ನೇ ನಾನು ಕೊಟ್ಟೆ," ಎಂದು ಒಮ್ಮೆ ನನಗೆ ಹೇಳಿದ. ಅದು ಸತ್ಯ.

ದೀಪಾವಳಿಗೆ ಇನ್ನು ಕೆಲವೇ ದಿನಗಳಿದ್ದಾಗ ಒಂದು ಮಧ್ಯಾಹ್ನ ಮಲವಗೊಪ್ಪದ ಶೆಡ್ಡಿನ ಮುಂದೆ ಒಂದು ಹಳೆಯ ಮೊಪೆಡ್ ನಿಂತಿತು. ಇಳಿದವರು ಅಕ್ಕಿ ಗಿರಣಿಯ ಆ ಮೇಸ್ತ್ರಿ. ನಾನು ಅಂದು ಅಲ್ಲಿಯೇ ಇದ್ದೆ. ಅವರು ನನಗೆ ತಲೆಯಾಡಿಸಿ, ನೇರವಾಗಿ ಒಳಗೆ ಹೋಗಿ, ಜೋಡಿಸುತ್ತಿದ್ದ ಹೆಂಗಸರ ಹಿಂದೆ ಕೈಕಟ್ಟಿ ನಿಂತರು.

"ಇದನ್ನೆಲ್ಲ ನೀವೇ ಮಾಡೋದಾ?"

"ಮತ್ತೆ ಇನ್ಯಾರು ಮಾಡ್ತಾರೆ?" ಎಂದರು ಅವರಲ್ಲಿ ಹಿರಿಯಾಕೆ, ತಲೆ ಎತ್ತದೆ.

ಮೇಸ್ತ್ರಿ ಒಂದು ಪೆಟ್ಟಿಗೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ಬೆಸುಗೆ ಸ್ವಲ್ಪ ದಪ್ಪ ಆಯ್ತು ಕಣಮ್ಮ."

"ಅದು ಇನ್ನೂ ಮುಗಿದಿಲ್ಲಣ್ಣ. ಅರ್ಧ ಮಾಡಿದ ಅಡುಗೆಗೆ ಉಪ್ಪು ನೋಡ್ಬೇಡಿ."

ಮೇಸ್ತ್ರಿ ನಕ್ಕರು. ಆಮೇಲೆ ಬಂದ ಕಾರಣ ಹೇಳಿದರು: ಅವರು ನೋಡಿಕೊಳ್ಳುವ ಎಲ್ಲ ಗಿರಣಿಗಳಿಗೂ ಪೆಟ್ಟಿಗೆ ಬೇಕಾಗಿತ್ತು. ತಮ್ಮ ಹೆಸರು ಬರೆದು ಗಿರಣಿಯಲ್ಲಿ ಮತ್ತೆ ಕಟ್ಟಿದ್ದ ಪೆಟ್ಟಿಗೆಯಿಂದ ಹಿಂದಿನ ವಾರ ಒಂದು ಎಚ್ಚರಿಕೆ ತಮ್ಮ ಕಿವಿಗಿಂತ ಎರಡು ದಿನ ಮೊದಲು ಬಂದಿತೆಂದು, ಗೋಡೆಯ ಕಡೆ ನೋಡುತ್ತ, ಯಾರನ್ನೂ ಉದ್ದೇಶಿಸದೆ ಹೇಳಿದರು. ಅಷ್ಟನ್ನು ಒಪ್ಪಿಕೊಳ್ಳಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ನನಗೆ ಚೆನ್ನಾಗಿ ಅರ್ಥವಾಯಿತು.

ಆ ದೀಪಾವಳಿಗೆ ಶೆಡ್ಡು ಮುಚ್ಚಲಿಲ್ಲ. ಈಗ ಅಲ್ಲಿ ಒಂಬತ್ತು ಮಂದಿ ಇದ್ದಾರೆ. ಹೊಸದಾಗಿ ಬಂದ ಮೂವರಿಗೆ ಮೊದಲಿನ ಆರು ಮಂದಿಯೇ ಕಲಿಸುತ್ತಿದ್ದಾರೆ. ಭದ್ರಾವತಿಯ ಆ ಹೆಣ್ಣುಮಗಳು ನಮ್ಮ ಪ್ರಾಡಕ್ಟ್ ಮಾರ್ಕೆಟಿಂಗ್ ವಿಭಾಗದ ಮುಖ್ಯಸ್ಥೆ. ವಾರಕ್ಕೆ ಮೂರು ದಿನ ಅವರು ಕಚೇರಿಯಲ್ಲಿ ಸಿಗುವುದಿಲ್ಲ. ಯಾವುದೋ ಮಿಲ್ಲಿನಲ್ಲಿ ಯಾರದೋ ಮಾತು ಕೇಳುತ್ತಿರುತ್ತಾರೆ. ಯಾವ ಸಂಸ್ಥೆಯವರು ಬಂದು ನಮ್ಮ ಸಾಧನೆ ಏನೆಂದು ಕೇಳಿದರೂ ನಾನು ಪೆಟ್ಟಿಗೆಯನ್ನು ಆಮೇಲೆ ತೋರಿಸುತ್ತೇನೆ, ಆಕೆಯನ್ನು ಮೊದಲು ಪರಿಚಯಿಸುತ್ತೇನೆ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಸಂಸ್ಥೆಯಲ್ಲಿ ಈ ಹುದ್ದೆಗೆ ಜನರನ್ನು ಆರಿಸುವಾಗ ಅಭ್ಯರ್ಥಿಯ ಕೈಗೆ ನಿಮ್ಮ ವಸ್ತುವನ್ನು ಕೊಟ್ಟು, ಅದನ್ನು ಬಳಸಬೇಕಾದವರ ನಡುವೆ ಎರಡು ದಿನ ಇದ್ದು ಬರಲು ಹೇಳಿ. ಹಿಂದಿರುಗಿದ ಮೇಲೆ ಅವರು ಕೇಳಿ ಬಂದದ್ದನ್ನೆಲ್ಲ ಹೇಳಲಿ. ಅವರು ಹೇಳಿ ಮುಗಿಸುವವರೆಗೆ ದಯವಿಟ್ಟು ಮಧ್ಯೆ ಮಾತಾಡಬೇಡಿ.